ಮೂಗಿನ ಮೇಲಿನ ಬಿಳಿ

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್. ಡಾಕ್ಟರು ಬರೆದ ಚೀಟಿ ಕೈಗೆ ಬಂದ ಕೂಡಲೇ ಇದರಲ್ಲೆಲ್ಲೋ ತಪ್ಪಿದೆ ಎಂದುಕೊಂಡೇ ಓದಬೇಕು, ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ಔಷಧಿ ಕೊಡಬೇಕು. ವರ್ಷಗಟ್ಟಲೆ ಹೀಗೆ ಬದುಕಿದವಳಿಗೆ, ಮನೆಗೆ ಬಂದ ಮೇಲೆ ಕೋಟಿನ ಜೊತೆ ಅನುಮಾನವನ್ನೂ ಬಿಚ್ಚಿ ಗೂಟಕ್ಕೆ ಹಾಕು ಎಂದರೆ ಹೇಗಾದೀತು? ಹಾಲಿನ ಡಬ್ಬಿಯ ಮೇಲಿನ ತಾರೀಖು, ಕೌನ್ಸಿಲ್ ಟ್ಯಾಕ್ಸಿನ ಕಾಗದ, ಪಕ್ಕದ ಮನೆಯವರ ಹೊಸ ಬೇಲಿ, ಎಲ್ಲವನ್ನೂ ಒಂದು ಸಲ ಓರೆಗಣ್ಣಿನಿಂದ ನೋಡಿಯೇ ನಾನು ಮುಂದೆ ಹೋಗುವುದು. ಹೀಗಿರುವಾಗ ಒಂದು ಶನಿವಾರ ಸಂಜೆ ಜಿಮ್ಮಿಗೆ ಹೋಗಿದ್ದೆ ಎಂದು ಹೇಳಿಕೊಂಡು ಮನೆಗೆ ಬಂದ ಗಂಡನ ಮೂಗಿನ ಪಕ್ಕದ ಗೆರೆಯಲ್ಲಿ ಬಿಳಿ ಕಂಡರೆ ಸುಮ್ಮನಿರುವ ಹೆಂಗಸು ನಾನಲ್ಲ.

"ಮುಖಕ್ಕ ಏನೋ ಹತ್ತೇದ ನೋಡ್ರಿ," ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ಸೀದಾ ಎರಡು ಹುಬ್ಬುಗಳ ನಡುವೆ ಹೋಯಿತು. ಆಮೇಲೆ ಕೆಳಗಿಳಿದು ಮೂಗಿಗೆ ಬಂತು. "ಪೌಡರ್ ಇರಬೇಕು ತಗೋ," ಎಂದು ತೋಳಿನಿಂದ ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದರು. ಮದುವೆಯ ದಿನ ಕೂಡ ಪೌಡರ್ ಹಚ್ಚಿಕೊಳ್ಳದ ಮನುಷ್ಯ!

ಈ ಬಿಳಿಯ ಕತೆ ಹೇಳುವ ಮೊದಲು ಅವರ ನಗುವಿನ ಕತೆ ಹೇಳಬೇಕು.

ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನಾನು ಅವರ ಮುಖ ನೋಡುವುದಕ್ಕಿಂತ ಮೊದಲು ನಗು ಕೇಳಿದ್ದೆ. ಧಾರವಾಡದ ನಮ್ಮ ಅಡುಗೆಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಪಡಸಾಲೆಯಲ್ಲಿ ಯಾರೋ ಏನೋ ಅಂದರು, ಅದಕ್ಕೆ ಒಂದು ನಗು ಎದ್ದಿತು. ಹೊಟ್ಟೆಯಿಂದ ಶುರುವಾಗಿ, ಗಂಟಲಲ್ಲಿ ಒಂದು ಗಳಿಗೆ ಸಿಕ್ಕಿಕೊಂಡು, ಆಮೇಲೆ ಕಟ್ಟೆಯೊಡೆದ ಹಾಗೆ ಹೊರಗೆ ಬಂದ ನಗು. ಅವ್ವ ನನ್ನ ಮುಖ ನೋಡಿದಳು. ನಾನು ಅಲ್ಲೇ, ಉಪ್ಪಿಟ್ಟು ಕೊಡುವ ಮೊದಲೇ, ಹೂಂ ಅಂದುಬಿಟ್ಟೆ. ಆಮೇಲೆ ಈ ದೇಶಕ್ಕೆ ಬಂದೆವು. ಅವರು ರೈಲ್ವೆ ಸಿಗ್ನಲ್ ಕೆಲಸದ ಎಂಜಿನಿಯರ್. ಡಿಡ್ಸ್‌ಬರಿಯಲ್ಲಿ ಮನೆ ಮಾಡಿದೆವು, ಮಗಳು ಹುಟ್ಟಿದಳು, ಬೆಳೆದಳು, ಲೀಡ್ಸಿಗೆ ಓದಲು ಹೋದಳು. ನಗು ಮಾತ್ರ ಹಾಗೆಯೇ ಇತ್ತು. ಟ್ರಾಮಿನಲ್ಲಿ ಅವರು ನಕ್ಕರೆ ಜನ ತಿರುಗಿ ನೋಡುತ್ತಿದ್ದರು. ಕನ್ನಡದವರು ಸೇರಿದಾಗ ಜೋಕು ಹೇಳುವವರು ಮೊದಲು ಇವರು ಎಲ್ಲಿ ಕೂತಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದರು.

ಆಚೆ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅವರ ಬಾಯಿಯ ಎಡ ಮೂಲೆಯಿಂದ ಚಹಾ ಸೋರಿ ಅಂಗಿಯ ಮೇಲೆ ಇಳಿಯಿತು. "ಏ, ಇದೇನಿದು," ಎಂದು ನಕ್ಕರು. ಬಲಗಡೆಯ ಮುಖ ನಕ್ಕಿತು, ಎಡಗಡೆಯದು ಸುಮ್ಮನಿತ್ತು. ನನ್ನ ಜೀವ ಬಾಯಿಗೆ ಬಂತು. ಆಂಬುಲೆನ್ಸ್, ಆಸ್ಪತ್ರೆ, ತಲೆಯ ಸ್ಕ್ಯಾನ್ ಎಲ್ಲ ಆಯಿತು. ಪಾರ್ಶ್ವವಾಯು ಅಲ್ಲ, ಮುಖದ ನರ ಊದಿಕೊಂಡಿದೆ, ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದರು. ಬಹಳಷ್ಟು ಸರಿಹೋಯಿತು ಕೂಡ. ಕಣ್ಣು ಮುಚ್ಚತೊಡಗಿತು, ಚಹಾ ಬಾಯಲ್ಲಿ ನಿಂತಿತು. ಆದರೆ ನಕ್ಕರೆ ಬಾಯಿ ಬಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಅವರು ಮೊದಮೊದಲು ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ನಗುವುದನ್ನೇ ಬಿಟ್ಟರು. ಟಿವಿಯಲ್ಲಿ ನಗುವಂಥದ್ದೇನಾದರೂ ಬಂದರೆ ಚಹಾ ಇಡುತ್ತೇನೆ ಎಂದು ಎದ್ದು ಹೋಗುವರು. ಎಲ್ಲಿ ಕೂತರೂ ಎಡಗೆನ್ನೆ ಗೋಡೆಗೋ ಕಿಟಕಿಗೋ ಬರುವ ಹಾಗೆ ಕೂರುವರು.

ಫಿಸಿಯೋಥೆರಪಿಯವರು ಒಂದು ಚಿಕ್ಕ ಕನ್ನಡಿ ಕೊಟ್ಟು, ಹುಬ್ಬು ಎತ್ತುವುದು, ಮೂಗು ಸುಕ್ಕಿಸುವುದು, ತುಟಿ ಅಗಲಿಸುವುದು ಎಂದು ಕಸರತ್ತು ಹೇಳಿಕೊಟ್ಟಿದ್ದರು. ನಾನು ದಿನಾ ಎದುರಿಗೆ ಕೂತು ಮಾಡಿಸುತ್ತಿದ್ದೆ. "ಇನ್ನಷ್ಟ ಎತ್ತರಿ. ಎಡಗಡೆ ಎತ್ತರಿ. ನಿನ್ನೆ ಇದಕ್ಕಿಂತ ಚಲೋ ಇತ್ತು." ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಫ್ರಿಜ್ಜಿನ ಸದ್ದು ಮಹಡಿಯ ಮೇಲಿನ ಕೋಣೆಗೂ ಕೇಳಿಸುತ್ತಿತ್ತು. ನನಗೆ ಆ ನಗು ಬೇಕಾಗಿತ್ತು. ಮದುವೆಯಾದದ್ದೇ ಅದನ್ನು.

ಆ ಕಾಲದಲ್ಲೇ ಜಿಮ್ಮಿಗೆ ಹೋಗುವುದು ಶುರುವಾದದ್ದು, ಪ್ರತಿ ಶನಿವಾರ. ಹೊಟ್ಟೆಯೇನೂ ಕರಗಲಿಲ್ಲ. ಕರಗುವ ಬದಲು ಈ ಬಿಳಿ ಬಂತು.

ಅವರು ಮುಖ ಒರೆಸಿದ ಟವೆಲ್ಲನ್ನು ನಾನು ಬೆಳಕಿಗೆ ಹಿಡಿದೆ. ಬಿಳಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದೆ. ನಮ್ಮ ಕಡೆಯ ಮನೆಗಳಲ್ಲಿ ಹುಟ್ಟಿದವರಿಗೆ ಮುಖದ ಮೇಲೆ ಬಿಳಿ ಎಂದರೆ ಬೇರೆ ಏನು ಹೊಳೆದೀತು? ವಿಭೂತಿ. ಆದರೆ ನನ್ನವರು ವಿಭೂತಿ ಹಚ್ಚಿದ್ದನ್ನು ನಾನು ನೋಡಿದ್ದು ಅಪರೂಪ. ಈ ದೇಶಕ್ಕೆ ಬಂದ ವರ್ಷವೇ ಲಿಂಗದ ಬೆಳ್ಳಿ ಕರಡಿಗೆಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿದವರು, ಶಿವರಾತ್ರಿಗೊಮ್ಮೆ ಇಳಿಸುತ್ತಿದ್ದರು. ಅಂಥವರು ಶನಿವಾರ ಕದ್ದು ವಿಭೂತಿ ಹಚ್ಚಿಕೊಂಡು, ತೊಳೆದುಕೊಂಡು ಮನೆಗೆ ಬರುತ್ತಾರೆ ಎಂದರೆ ಏನರ್ಥ? ಹಣೆ ತೊಳೆದಿದ್ದಾರೆ, ಮೂಗಿನ ಮೇಲೆ ಇಳಿದದ್ದನ್ನು ಮರೆತಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ! ಬೆರಳಿಗೆ ಜಿಡ್ಡು ಹತ್ತಿತ್ತು. ಬೂದಿಗೆ ಜಿಡ್ಡಿರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈಗಿನ ಬಾಬಾಗಳು ತುಪ್ಪದಲ್ಲಿ ಕಲಸಿ ಕೊಟ್ಟಾರು, ಯಾರಿಗೆ ಗೊತ್ತು ಎಂದುಕೊಂಡೆ.

ನಗಬೇಡಿ. ನನ್ನ ಭಯಕ್ಕೆ ಕಾರಣವಿತ್ತು. ನಮ್ಮ ಚಿಕ್ಕಪ್ಪನಿಗೆ ಒಮ್ಮೆ ಕಾಮಾಲೆಯಾಗಿ ವಾಸಿಯಾಯಿತು. ವಾಸಿಯಾದ ಮೇಲೆ ವಿಭೂತಿ ದಪ್ಪವಾಯಿತು, ಮಾತು ಕಡಿಮೆಯಾಯಿತು, ಬಾಯೊಳಗೇ ಏನೋ ಗೊಣಗುವುದು ಶುರುವಾಯಿತು. ಒಂದು ದಿನ ಚಿಕ್ಕಮ್ಮ ತಾಳಲಾರದೆ ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಟ್ಟಳು, ನಿಮ್ಮ ಮನಸ್ಸಿನಾಗ ಏನದ ಅಂತ. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಯಾವುದೋ ಸಾಧುಗಳ ಗುಂಪಿನ ಜೊತೆ ಉತ್ತರದ ಕಡೆ ಹೊರಟುಹೋದ. ಮತ್ತೆ ಯಾರೂ ಅವನನ್ನು ನೋಡಲಿಲ್ಲ. ಹಣೆಯ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ತಿಳಿಯದೆ ಚಿಕ್ಕಮ್ಮ ಬದುಕಿದಳು. ಆ ಮನೆಯಲ್ಲಿ ಬೆಳೆದ ನನ್ನ ತಲೆಯಲ್ಲಿ ಒಂದು ಮಾತು ಕೂತಿತ್ತು: ಕೇಳಿದರೆ ಹೋಗುತ್ತಾರೆ. ಹಾಗಾಗಿ ನಾನು ಕೇಳಲಿಲ್ಲ. ಕಾದು ನೋಡಿದೆ.

ನೋಡಿದಷ್ಟೂ ಕಂಡಿತು. ಬಚ್ಚಲುಮನೆಯ ಬಾಗಿಲ ಹಿಂದಿನಿಂದ "ಯೀ... ಯಾ... ಆ..." ಎಂದು ಎಳೆದೆಳೆದು ಹೇಳುವ ದನಿ ಬರುತ್ತಿತ್ತು. ಸಂಸ್ಕೃತವಲ್ಲ, ವಚನವಲ್ಲ. ಯಾವುದೋ ಗುಪ್ತ ಮಂತ್ರ. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕೊಡೆಯಂಥ ಕಂಬ ಇದೆಯಲ್ಲ, ಅದರ ಸುತ್ತ ನನ್ನವರು ಸುತ್ತು ಹಾಕುತ್ತಿದ್ದಾರೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿಯ ಮುಂದೆ ಹಿಮ್ಮಡಿ ಇಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ, ಮೈ ಅಲುಗದ ಹಾಗೆ. ನನ್ನ ಲಂಗ, ಅವರ ಬನಿಯನ್ ನೇತಾಡುವ ಕಂಬಕ್ಕೆ ಪ್ರದಕ್ಷಿಣೆ!

ಲೆಸ್ಟರಿನಲ್ಲಿರುವ ಗೆಳತಿಗೆ ಫೋನು ಮಾಡಿದೆ. ಬೆಂಗಳೂರಿನವಳು. ಈ ದೇಶಕ್ಕೆ ಯಾವ ಸ್ವಾಮಿ ಬಂದಿಳಿದರೂ ಅವಳಿಗೆ ಮೊದಲು ಸುದ್ದಿ.

"ಅಯ್ಯೋ, ನಾನು ಹೇಳ್ಬಾರ್ದು ಅಂತಿದ್ದೆ ಕಣೇ," ಎಂದಳು. "ಒಬ್ರು ನಿಮ್ಮ ಮ್ಯಾಂಚೆಸ್ಟರ್‌ಗೇ ಬಂದಿದಾರಂತೆ. ಕಾಯಿಲೆ ಆದೋರನ್ನೇ ಹಿಡ್ಕೋತಾರಂತೆ. ಶನಿವಾರ ಶನಿವಾರ ಸತ್ಸಂಗ. ಇಂಗ್ಲಿಷ್‌ನೋರು, ಚೈನೀಸ್‌ನೋರು ಎಲ್ಲಾ ಹೋಗ್ತಾರಂತೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವಳು. ಅದು ಗೊತ್ತಿದ್ದೂ ನಾನು ಅವಳನ್ನೇ ಕೇಳಿದ್ದೆ. ಮಗಳಿಗೂ ಹೇಳಿದೆ. ಅವಳು ಲೀಡ್ಸಿನಿಂದ ನಿಟ್ಟುಸಿರು ಬಿಟ್ಟು, "ಅಮ್ಮಾ, ಜಸ್ಟ್ ಆಸ್ಕ್ ಹಿಮ್," ಎಂದಳು. ಈ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಎಲ್ಲವೂ ಕೇಳಿದರೆ ಮುಗಿಯಿತು.

ಮುಂದಿನ ಶನಿವಾರ ನನಗೆ ಆಸ್ಪತ್ರೆಯಲ್ಲಿ ಪಾಳಿ ಇತ್ತು. ಬೇರೆಯವರ ಜೊತೆ ಬದಲಾಯಿಸಿಕೊಂಡೆ, ಗಂಡನಿಗೆ ಹೇಳಲಿಲ್ಲ. ಮಗಳ ಹಳೆಯ ಟೊಪ್ಪಿಗೆಯ ಜಾಕೆಟ್ ಹಾಕಿಕೊಂಡು ಅದೇ ಟ್ರಾಮಿನ ಹಿಂದಿನ ಡಬ್ಬಿ ಹತ್ತಿದೆ. ಅವರು ಊರ ನಡುವೆ ಇಳಿದರು. ಚೀನೀ ಅಂಗಡಿಗಳ ಬೀದಿ ದಾಟಿ, ಕೆಂಪು ಇಟ್ಟಿಗೆಯ ಒಂದು ಹಳೆಯ ಚರ್ಚಿನ ಪಕ್ಕದ ಸಭಾಂಗಣದೊಳಗೆ ಹೋದರು. ನಾನು ಎದುರಿನ ಅಂಗಡಿಯಲ್ಲಿ ಸೋಯಾ ಸಾಸಿನ ಬಾಟಲಿಗಳನ್ನು ಬಹಳ ಹೊತ್ತು ಓದಿದೆ. ಜನ ಒಬ್ಬೊಬ್ಬರಾಗಿ ಒಳಗೆ ಹೋದರು, ಹೆಚ್ಚಿನವರು ಚೀನೀ ಮುದುಕರು, ಕೈಯಲ್ಲಿ ಫ್ಲಾಸ್ಕು. ಗೆಳತಿ ಹೇಳಿದ್ದು ನಿಜವಾಯಿತಲ್ಲ ಎಂದುಕೊಂಡು ಬಾಟಲಿ ಕೆಳಗಿಟ್ಟು ರಸ್ತೆ ದಾಟಿದೆ.

ಬಾಗಿಲು ದಾಟಿದ ಕೂಡಲೇ ಊದುಬತ್ತಿಯ ವಾಸನೆ. ಒಂದು ಮೇಜಿನ ಮೇಲೆ ಗೊಂಬೆಯಷ್ಟು ಚಿಕ್ಕ ಮೂರ್ತಿ, ಮುಂದೆ ಕಿತ್ತಳೆ ಹಣ್ಣು, ಬತ್ತಿಯ ಹೊಗೆ. ಇನ್ನು ಸಂಶಯ ಎಲ್ಲಿ ಉಳಿಯಿತು? ಎಷ್ಟೇ ಸಿಟ್ಟಿದ್ದರೂ ದೇವರ ಮುಂದೆ ಬೂಟು ಹಾಕಿಕೊಂಡು ಹೋಗುವ ಧೈರ್ಯ ನನಗಿಲ್ಲ. ಬಾಗಿಲ ಪಕ್ಕ ಬಿಚ್ಚಿಟ್ಟೆ, ಕೈ ತಾನಾಗಿಯೇ ಮುಗಿಯಿತು. ಒಳಗೆ ಹೋಗಿ ಎರಡನೇ ಸಾಲಿನ ಕೊನೆಯಲ್ಲಿ ಕೂತ ಮೇಲೆ ಗೊತ್ತಾಯಿತು, ಅಷ್ಟು ಜನರಲ್ಲಿ ಬೂಟು ಬಿಟ್ಟವಳು ನಾನೊಬ್ಬಳೇ. ಕಾಲಲ್ಲಿ ಮಗಳು ಕೊಟ್ಟ ಹಳದಿ ಕಾಲುಚೀಲ. ಎದ್ದು ಹೋಗೋಣವೆಂದರೆ ಸಾಲು ತುಂಬಿತ್ತು.

ಮುಂದೆ ವೇದಿಕೆಯಲ್ಲಿ ಕೆಂಪು ಬಟ್ಟೆ ಹೊದಿಸಿದ ಒಂದು ಮೇಜು, ಎರಡು ಕುರ್ಚಿ, ಬೇರೇನೂ ಇಲ್ಲ. ಒಂದು ಗುರುವಿಗೆ, ಇನ್ನೊಂದು ಪಟ್ಟಶಿಷ್ಯನಿಗೆ ಎಂದುಕೊಂಡೆ. ನನ್ನವರು ಜನರ ನಡುವೆ ಎಲ್ಲೂ ಕಾಣಲಿಲ್ಲ. ಅಂದರೆ ಒಳಗಿದ್ದಾರೆ. ಅಂದರೆ ಆಗಲೇ ಪಟ್ಟಶಿಷ್ಯರಾಗಿದ್ದಾರೆ!

ಬೂದು ಕೂದಲಿನ, ನೆಟ್ಟಗೆ ನಿಂತ ಒಬ್ಬ ಚೀನೀ ಹೆಂಗಸು ವೇದಿಕೆಗೆ ಬಂದು ಇಂಗ್ಲಿಷಿನಲ್ಲಿ ಮಾತಾಡಿದರು. ಹುಣ್ಣಿಮೆಯ ಹಬ್ಬಕ್ಕಾಗಿ ತಮ್ಮ ಶಿಷ್ಯರು ಹಳೆಯ ಕಾಲದ ಒಂದು ನಾಟಕದ ದೃಶ್ಯ ಆಡುತ್ತಾರೆ ಎಂದರು. ಗಂಡನನ್ನು ಹುಡುಕುತ್ತ ದೂರದೂರದಿಂದ ಬರುವ ಹೆಂಡತಿ, ಮುಚ್ಚಿದ ಊರ ಬಾಗಿಲು, ಬಾಗಿಲು ಕಾಯುವವನು. ಇಷ್ಟೇ ಕತೆ. ಪರದೆ, ಬೆಟ್ಟ, ಕುದುರೆ ಏನೂ ಇರುವುದಿಲ್ಲ, ವೇದಿಕೆಗೆ ಒಂದು ಸುತ್ತು ಹಾಕಿದರೆ ನೂರು ಮೈಲಿ ನಡೆದರು ಎಂದು ತಿಳಿದುಕೊಳ್ಳಿ ಎಂದರು.

ನಾಟಕ! ಸತ್ಸಂಗವಲ್ಲ, ನಾಟಕ. ಒಂದು ಗಳಿಗೆ ಜೀವ ಹಗುರವಾಯಿತು. ಬಿದಿರಿನ ಕೊಳಲು ಶುರುವಾಯಿತು. ತೋಳು ನೆಲ ಮುಟ್ಟುವಷ್ಟು ಉದ್ದದ ಬಿಳಿ ರೇಷ್ಮೆಯ ಅಂಗಿ ತೊಟ್ಟ ಹುಡುಗಿಯೊಬ್ಬಳು ಬಂದಳು. ತನ್ನ ಹೆಸರು, ಊರು, ಕಷ್ಟ ಎಲ್ಲವನ್ನೂ ತಾನೇ ಹಾಡಿನಂಥ ಮಾತಿನಲ್ಲಿ ಹೇಳಿಕೊಂಡಳು. ಆಮೇಲೆ ಹಿಮ್ಮಡಿಯ ಮುಂದೆ ಹಿಮ್ಮಡಿ ಇಡುತ್ತ, ಮೈ ಅಲುಗದ ಹಾಗೆ, ಸುತ್ತು ಹೊರಟಳು. ಬಚ್ಚಲುಮನೆಯ ಎಳೆದೆಳೆದ ದನಿ ನೆನಪಾಯಿತು, ನಮ್ಮ ಹಿತ್ತಲಿನ ಕಂಬ ಕಣ್ಣ ಮುಂದೆ ಬಂತು. ಹಗುರವಾದ ಜೀವ ಮತ್ತೆ ಭಾರವಾಯಿತು. ಬಾಬಾನ ಮೇಲಿನ ಅನುಮಾನವನ್ನು ಎತ್ತಿ ಈ ರೇಷ್ಮೆ ಅಂಗಿಯ ಹುಡುಗಿಯ ಮೇಲೆ ಇಡಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಓಹೋ, ಇವಳ ಹಿಂದೆಯೋ ಈ ಪ್ರದಕ್ಷಿಣೆ!

ಆಗ ಬಾಗಿಲು ಕಾಯುವವನು ಬಂದ. ಕೂತೇ ನಡೆಯುತ್ತಾನೋ ಎನ್ನುವಷ್ಟು ಮೊಣಕಾಲು ಬಗ್ಗಿಸಿಕೊಂಡು, ಕಪ್ಪು ಟೊಪ್ಪಿಗೆ, ತುಂಡು ಗಡ್ಡ. ಹುಬ್ಬುಗಳ ನಡುವಿನಿಂದ ಮೂಗಿನ ತುದಿಯವರೆಗೆ ಚೌಕಾಕಾರದ ಬಿಳಿ. ನಾನು ಟವೆಲ್ಲಿನಲ್ಲಿ ಹುಡುಕಿದ್ದ ಬಿಳಿ. ಆದರೂ ಇದು ನನ್ನ ಗಂಡ ಎಂದು ಮನಸ್ಸು ಒಪ್ಪಲಿಲ್ಲ. ಈ ಮುಖ ಆಡುತ್ತಿತ್ತು. ಮೂಗು ಸುಕ್ಕುಗಟ್ಟುತ್ತಿತ್ತು, ಒಂದು ಹುಬ್ಬು ಮೇಲಕ್ಕೆ ಹೋಗಿ ಇನ್ನೊಂದು ಅಲ್ಲೇ ನಿಲ್ಲುತ್ತಿತ್ತು, ಬಾಯಿ ಒಂದೇ ಕಡೆ ಸೊಟ್ಟಗಾಗುತ್ತಿತ್ತು. ಅದೆಲ್ಲ ವೇಷದ ಭಾಗವೆಂದೇ ಕಾಣುತ್ತಿತ್ತು, ಜನ ಪ್ರತಿ ಸೊಟ್ಟಕ್ಕೂ ನಗುತ್ತಿದ್ದರು. ಅವನು ಹುಡುಗಿಯನ್ನು ನೋಡಿ, "ಆಲ್ ರೈಟ್, ಲವ್?" ಎಂದ. ಮ್ಯಾಂಚೆಸ್ಟರಿನ ಬಸ್ ಡ್ರೈವರನ ಮಾತು, ಧಾರವಾಡದ ನಾಲಿಗೆ. ಆಗ ಒಪ್ಪಬೇಕಾಯಿತು.

ಮುಂದೆ ಅವರು ಹುಡುಗಿಯನ್ನು ತಡೆದು ಏನೋ ಹೇಳಬೇಕಾಗಿತ್ತು. ಹೇಳಲು ಬಾಯಿ ತೆರೆದವರು ಜನರ ಕಡೆ ತಿರುಗಿದರು. ಹಳದಿ ಕಾಲುಚೀಲ ಕಂಡಿತು. ಆಮೇಲೆ ನಾನು ಕಂಡೆ. ಕೊಳಲಿನವರು ಕಾದರು. ಹುಡುಗಿ ಕಾದಳು. ನನ್ನವರು ಮೊಣಕಾಲು ಬಗ್ಗಿಸಿದ ಹಾಗೆಯೇ ವೇದಿಕೆಯ ಅಂಚಿಗೆ ಬಂದು, ಕೈಯಲ್ಲಿದ್ದ ಬೀಸಣಿಗೆಯನ್ನು ನನ್ನತ್ತ ಚಾಚಿ ಕನ್ನಡದಲ್ಲಿ ಕೇಳಿದರು:

"ಯಾರವಾ ನೀ? ಎಲ್ಲಿಂದ ಬಂದಿ? ಬರಿಗಾಲಿಲೆ ಈ ಊರ ಬಾಗಲಕ್ಕ ಯಾಕ ಬಂದಿ?"

ನಮ್ಮ ಕಡೆಯ ದೊಡ್ಡಾಟದಲ್ಲಿ ಸಾರಥಿ ಅಂತ ಒಬ್ಬ ಇರುತ್ತಾನೆ. ರಾಜ ಬರಲಿ, ರಾಕ್ಷಸ ಬರಲಿ, ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವುದು ಅವನ ಕೆಲಸ. ಅವನು ಕೇಳುವ ತನಕ ರಾಜನೂ ತಾನು ರಾಜ ಎಂದು ಹೇಳಿಕೊಳ್ಳುವ ಹಾಗಿಲ್ಲ. ನನ್ನವರ ಸೋದರಮಾವ ಆ ವೇಷ ಹಾಕುತ್ತಿದ್ದರು. ಈ ಪ್ರಶ್ನೆ, ಈ ದನಿ, ಈ ಬಗ್ಗಿದ ಮೊಣಕಾಲು ಎಲ್ಲ ಅಲ್ಲಿಯದು. ಅದೆಲ್ಲ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತ್ತು. ಕೂತಲ್ಲಿಂದಲೇ ಎದ್ದು ನಿಂತೆ.

"ಗಂಡನ್ನ ಹುಡುಕ್ಕೋಂತ ಬಂದೇನಿ!" ಎಂದು ಕೂಗಿದೆ. "ಮನೀಗೆ ಬರ್ರಿ, ಹೇಳ್ತೀನಿ!"

ಸಭಾಂಗಣದಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಮುದುಕರು ಫ್ಲಾಸ್ಕು ಬಡಿದು ನಕ್ಕರು. ಆ ಗದ್ದಲದ ನಡುವೆ ಅವರು ನಕ್ಕರು. ಹೊಟ್ಟೆಯಿಂದ ಶುರುವಾಗಿ, ಗಂಟಲಲ್ಲಿ ಒಂದು ಗಳಿಗೆ ಸಿಕ್ಕಿಕೊಂಡು, ಆಮೇಲೆ ಕಟ್ಟೆಯೊಡೆಯಿತು. ಬಾಯಿ ಬಲಕ್ಕೆ ಹೋಗಿತ್ತು, ಮೂಗಿನ ಬಿಳಿ ಮಡಿಕೆ ಬಿದ್ದಿತ್ತು, ಗಡ್ಡ ಕಿವಿಯಿಂದ ಜಾರಿತ್ತು. ದನಿ ಮಾತ್ರ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನಾನು ಕೂತುಕೊಂಡು ಅತ್ತೆ. ಸಂತೋಷಕ್ಕೆ ಅತ್ತೆ, ಹೊಟ್ಟೆಕಿಚ್ಚಿಗೂ ಅತ್ತೆ.

ಆಟ ಮುಗಿದ ಮೇಲೆ ಚಹಾ, ಹಬ್ಬದ ಸಿಹಿ ಕಡುಬು ಕೊಟ್ಟರು. ಕೊಳಲಿನ ಮುದುಕರು ಸಿಡಿಮಿಡಿಗೊಂಡಿದ್ದರು. ನೋಡುವವರು ಎದ್ದು ಮಾತಾಡುವುದು ನಮ್ಮಲ್ಲಿ ಇಲ್ಲ, ಪಾತ್ರ ತನ್ನ ಪರಿಚಯ ತಾನೇ ಹೇಳಿಕೊಳ್ಳಬೇಕು, ಯಾರೋ ಕೇಳುವುದಲ್ಲ, ಇದು ನಮ್ಮ ಸಂಪ್ರದಾಯವೇ ಅಲ್ಲ ಎಂದು ಗುರುಗಳ ಮುಂದೆ ಕೈ ಬೀಸಿ ಬೀಸಿ ಹೇಳಿದರು. ನನಗೆ ಕೇಳಲಿ ಎಂದೇ ಇಂಗ್ಲಿಷಿನಲ್ಲಿ ಹೇಳಿದರೆಂದು ನನ್ನ ಅನುಮಾನ.

ಗುರುಗಳು, ಅದೇ ಬೂದು ಕೂದಲಿನ ಹೆಂಗಸು, ಚಹಾ ಕುಡಿಯುತ್ತ ಕೇಳಿಸಿಕೊಂಡರು. ಆಮೇಲೆ ನನ್ನ ಪಕ್ಕ ಬಂದು ಕೂತರು. ತಾವು ಭುಜದ ನೋವಿಗೆಂದು ಫಿಸಿಯೋಥೆರಪಿಗೆ ಹೋದಾಗ ಮೂಲೆಯಲ್ಲಿ ಒಬ್ಬ ಮನುಷ್ಯ ಚಿಕ್ಕ ಕನ್ನಡಿ ಹಿಡಿದು ಮೂಗು ಸುಕ್ಕಿಸುತ್ತಿದ್ದುದನ್ನು ನೋಡಿದರಂತೆ. ನಮ್ಮ ವಿದೂಷಕರು ಇದನ್ನೇ ವರ್ಷಗಟ್ಟಲೆ ಕಲಿಯುತ್ತಾರೆ, ನೀವು ಕನ್ನಡಿ ಬಿಟ್ಟು ಜನರ ಮುಂದೆ ಮಾಡಿ ಎಂದು ಕರೆದರಂತೆ.

"ಆ ಬಿಳಿಗೆ ನಾವು ತೋಫುವಿನ ತುಂಡು, ನಿಮ್ಮ ಪನೀರಿನಂಥದ್ದು, ಅನ್ನುತ್ತೇವೆ," ಎಂದರು. "ಆಟದ ದಿನ ವಿದೂಷಕ ಮೂಗಿಗೆ ಬಿಳಿ ಮುಟ್ಟಿಸುವ ತನಕ ಬೇರೆ ಯಾರೂ ಬಣ್ಣ ಹಚ್ಚುವ ಹಾಗಿಲ್ಲ. ಹಿಂದೆ ಒಬ್ಬ ಚಕ್ರವರ್ತಿ ತಾನೇ ವಿದೂಷಕನ ವೇಷ ಹಾಕಿದ್ದನಂತೆ, ಬಾಗಿಲ ಬಳಿಯ ಮೂರ್ತಿ ಅವನದೇ, ಅದಕ್ಕೆ ಈ ಮರ್ಯಾದೆ."

ಸಿಹಿ ಮಾತಿನ ಹೆಂಗಸರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. "ಆ ಪ್ರಶ್ನೆ ಕೇಳುವುದು ನಮ್ಮದು," ಎಂದೆ. "ನಮ್ಮ ಆಟದ್ದು. ನೀವು ತೆಗೆದುಕೊಂಡಿರಿ."

ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ. ಆ ಸುತ್ತು ಹಾಕುವುದು ನಿಮ್ಮ ಆಟದಲ್ಲೂ ಇದೆಯಂತಲ್ಲ, ನಿಮ್ಮ ಗಂಡ ಹೇಳಿದರು, ಅದನ್ನು ನೀವು ಎಲ್ಲಿಂದ ತಂದಿರಿ ಎಂದು ನನ್ನನ್ನೇ ಕೇಳಿದರು. ಸನ್ಯಾಸಿಗಳು ನಿಮ್ಮದನ್ನು ನಮಗೆ ಹೊತ್ತು ತಂದರೋ, ವ್ಯಾಪಾರಿಗಳು ನಮ್ಮದನ್ನು ನಿಮಗೆ ಮುಟ್ಟಿಸಿದರೋ, ಇಬ್ಬರಿಗೂ ತಾನಾಗಿಯೇ ಹೊಳೆಯಿತೋ, ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ ಎಂದರು. ಹಳೆಯ ಕಾಲದಲ್ಲಿ ಚೀನಾದ ಉತ್ತರದವರ ನಾಟಕದಲ್ಲಿ ಒಬ್ಬರೇ ಹಾಡಬೇಕು, ಉಳಿದವರು ಮಾತಾಡಬೇಕು. ದಕ್ಷಿಣದವರಲ್ಲಿ ಯಾರು ಬೇಕಾದರೂ ಹಾಡಬಹುದು. ಎರಡನ್ನೂ ಕಲಸಿದವರಿಗೆ ಆಗಿನ ಹಿರಿಯರು ಬಾಯಿಗೆ ಬಂದ ಹಾಗೆ ಬಯ್ದಿರಬೇಕು. ಈಗ ಈ ಕೊಳಲಿನವರು ಯಾವುದನ್ನು ಸಂಪ್ರದಾಯ ಎಂದು ಕಾಯುತ್ತಿದ್ದಾರೋ ಅದರಲ್ಲಿ ಎರಡೂ ಇದೆ. ಹಾಡನ್ನು ನಿಧಾನಕ್ಕೆ ಇಳಿಸಿ, ನೀರಿನಲ್ಲಿ ಅಕ್ಕಿ ರುಬ್ಬಿದಷ್ಟು ನುಣುಪು ಮಾಡಿದವನೂ ಒಂದು ಕಾಲಕ್ಕೆ ಹೊಸಬನೇ. ಆದರೆ ಬದಲಾವಣೆ ಯಾರು ಬೇಕಾದರೂ ಮಾಡುವ ಹಾಗಿಲ್ಲ. ನಾಯಕಿ ಒಂದು ಬೆರಳು ಆಚೀಚೆ ಮಾಡಿದರೂ ತಾನು ಬಿಡುವುದಿಲ್ಲ ಎಂದರು. ವಿದೂಷಕನಿಗೆ ಮಾತ್ರ ಆ ಸ್ವಾತಂತ್ರ್ಯ, ಅವನು ಯಾವ ಊರಲ್ಲಿ ಆಡುತ್ತಾನೋ ಆ ಊರ ಮಾತು ಆಡಬಹುದು. ಹೊಸದು ಒಳಗೆ ಬರುವುದು ಆ ಬಿಳಿ ಮೂಗಿನ ಬಾಗಿಲಿನಿಂದ.

"ಮುಂದಿನ ತಿಂಗಳು ಲೀಡ್ಸಿನಲ್ಲಿ ಆಟವಿದೆ," ಎಂದು ಎದ್ದು ನಿಂತರು. "ನೀವೂ ಬನ್ನಿ. ಎರಡನೇ ಸಾಲು. ಬೂಟು ಬಿಟ್ಟು."

ಕೊಳಲಿನ ಮುದುಕರು ಅವರ ಭಾಷೆಯಲ್ಲಿ ಏನೋ ಅಂದರು. ಅದು ಒಳ್ಳೆಯ ಮಾತಾಗಿರಲಾರದು. ಇನ್ನು ಸ್ವಲ್ಪ ಕಾಲಕ್ಕೆ ಈ ಊರಿನ ಚೀನೀ ಮಕ್ಕಳು, ಎರಡನೇ ಸಾಲಿನಿಂದ ಬರಿಗಾಲಿನ ಹೆಂಗಸೊಬ್ಬಳು ಕೂಗುವುದು ಅನಾದಿ ಕಾಲದ ಪದ್ಧತಿ ಎಂದು ನಂಬಿಬಿಡುತ್ತಾರೆ. ಅಂದಿನಿಂದ ನನಗೆ ಯಾರಾದರೂ ಇದು ಬಹಳ ಪುರಾತನ ಎಂದರೆ ಸಾಕು, ಯಾವ ಹೆಂಗಸಿನ ಸಿಟ್ಟೋ ಎಂದು ಅನುಮಾನ ಬರುತ್ತದೆ.

ವಾಪಸು ಟ್ರಾಮು ಹತ್ತಿದೆವು. ಅವರು ಎಂದಿನ ಹಾಗೆ ಎಡಗೆನ್ನೆ ಕಿಟಕಿಗೆ ಮಾಡಿ ಕೂತಿದ್ದರು. ಮುಖ ತೊಳೆದಿದ್ದರು, ಮೂಗಿನ ಗೆರೆಯಲ್ಲಿ ಬಿಳಿ ಹಾಗೇ ಇತ್ತು. ಕೇಳಿದರೆ ಹೋಗುತ್ತಾರೆ ಎಂದು ಚಿಕ್ಕಮ್ಮನನ್ನು ನೋಡಿ ಕಲಿತ ಪಾಠ ನೆನಪಾಯಿತು. ಹೋಗಲಿ, ಎಷ್ಟು ದೂರ ಹೋಗುತ್ತಾರೆ, ಈ ಟ್ರಾಮು ನಮ್ಮ ಮನೆಯ ದಾರಿಯದೇ ಅಲ್ಲವೇ ಎಂದುಕೊಂಡು ಕೇಳಿಯೇಬಿಟ್ಟೆ.

"ನನಗ್ಯಾಕ ಹೇಳಲಿಲ್ಲರೀ? ನಾ ಮನ್ಯಾಗ ಆ ನಗಿ ಸಲುವಾಗಿ ಬಾಯಿ ಬಾಯಿ ಬಿಡಾಕತ್ತಿದ್ದೆ. ನೀವು ಅದನ್ನ ಒಯ್ದು ಗುರ್ತಿಲ್ಲದವರಿಗೆ ಮೊದಲ ಕೊಟ್ರಿ. ಯಾಕ?"

ಅವರು ಕಿಟಕಿಯ ಕಡೆಯೇ ನೋಡುತ್ತಿದ್ದರು.

"ಅಲ್ಲಿ ಯಾರಿಗೂ ನನ್ನ ಹಳೇ ನಗಿ ಗೊತ್ತಿಲ್ಲ," ಎಂದರು. "ಇದ ನನ್ನ ನಗಿ ಅಂತ ತಿಳಕೋತಾರ. ನೀ ಹಂಗಲ್ಲ. ನಾ ನಕ್ಕೆ ಅಂದ್ರ ನೀ ಬಾಯಿ ನೋಡ್ತಿ. ಹಳೇದಕ್ಕ ಎಷ್ಟ ಕಡಿಮಿ ಬಿತ್ತು ಅಂತ ನೋಡ್ತಿ."

ಟ್ರಾಮು ಒಂದು ಸ್ಟಾಪಿನಲ್ಲಿ ನಿಂತು ಹೊರಟಿತು. ಜನ ಹತ್ತಿದರು, ಎದುರಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡ ಒಬ್ಬ ಬಂದು ಕೂತ. ಧಾರವಾಡದ ಆ ಉಪ್ಪಿಟ್ಟಿನ ತಟ್ಟೆಯ ಬಿಸಿ ಕೈಗೆ ತಾಗಿದ ಹಾಗಾಯಿತು.

"ರೀ," ಎಂದೆ. "ನಾ ಅವತ್ತ ಅಡಗಿಮನ್ಯಾಗ ನಿಂತು ಹೂಂ ಅಂದಾಗ ನಿಮ್ಮ ಬಾಯಿ ಎಲ್ಲಿ ನೋಡಿದ್ದೆ? ನಿಮಗ ಬಾಯಿ ಅದನೋ ಇಲ್ಲೋ ಅಂತ ಸೈತ ಗೊತ್ತಿರಲಿಲ್ಲ ನನಗ. ಕೇಳಿ ಹೂಂ ಅಂದಾಕಿ ನಾನು. ಇವತ್ತೂ ಕೇಳೀನಿ. ಅದ ನಗಿ ಅದು."

ಅವರ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಸದ್ದು ಬಂತು. ನಾನು ಥಟ್ಟನೆ ಮುಖ ಆಚೆ ತಿರುಗಿಸಿ ಬಾಗಿಲ ಮೇಲಿನ ಸ್ಟಾಪುಗಳ ಹೆಸರು ಓದುತ್ತ ಕೂತೆ. ಬೆನ್ನ ಹಿಂದೆ ಅದು ಹೊಟ್ಟೆಯಿಂದ ಎದ್ದು ಬಂತು. ಎದುರಿನ ಸೀಟಿನವನು ಇಯರ್‌ಫೋನ್ ತೆಗೆದು ತಿರುಗಿ ನೋಡಿದ.